ದೊಡ್ಡತ್ತೆಯ ದನಿ ಬರುವ ದಾರಿ

ನಮ್ಮ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ಮೂರು ತಿಂಗಳು ಎದ್ದು ಓಡಾಡಬಾರದು ಎಂದರು ಡಾಕ್ಟರು. ಕೊಟ್ಟೂರಿನ ನಮ್ಮ ಮನೆ ಹಳೆಯದು, ಮೊಳಕ್ಕೂ ಮಿಕ್ಕಿ ದಪ್ಪದ ಕಲ್ಲಿನ ಗೋಡೆಗಳು. ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವುದು, ಜೆರಾಕ್ಸು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ಅತ್ತೆಯ ಮಂಚ, ನಡುವೆ ಪಡಸಾಲೆ. ಓಣಿ ತುಂಬ ಮಾತಾಡಿಕೊಂಡಿದ್ದ ಜೀವ ವಾರದೊಳಗೆ ಗೋಡೆ ಕಡೆ ಮುಖ ಮಾಡಿತು. ಏನು ಕೇಳಿದರೂ "ಹೂಂ" ಅಷ್ಟೇ.

ಅತ್ತೆಯ ತವರು ಹಂಪಸಾಗರ. ಅಲ್ಲಿನ ಮದುವೆಗಳಲ್ಲಿ ಅವರೂ ಅವರ ಅಕ್ಕನೂ, ಅಂದರೆ ನನಗೆ ದೊಡ್ಡತ್ತೆ, ಜೋಡಿಯಾಗಿ ಸೋಬಾನೆ ಹಾಡುತ್ತಿದ್ದರು. ಅಕ್ಕ ಸಾಲು ಎತ್ತಿಕೊಡುವುದು, ತಂಗಿ ತಿರುಗಿ ಹೇಳುವುದು. ಹಗರಿಬೊಮ್ಮನಹಳ್ಳಿಯ ಒಬ್ಬ ರೇಡಿಯೋ ಮೆಕ್ಯಾನಿಕ್, ನಾವು ಚಾಚಾ ಅನ್ನುವವರು, ಆ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದರು. ದೊಡ್ಡತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ನಾನೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಟ್ಟು ಮರೆತಿದ್ದೆ. ಈಗ ನೆನಪಾಯಿತು.

ವೈಫೈ ಸ್ಪೀಕರೊಂದನ್ನು ತರಿಸಿದೆ. "ಪೆನ್‌ಡ್ರೈವಿಗೆ ಹಾಕಿ ಕೊಟ್ರ ಮುಗೀತಲ್ಲ," ಅಂದರು ನಮ್ಮ ಮನೆಯವರು. ಅವರ ಮಾತು ಸರಿಯೇ. ಆದರೆ ಅತ್ತೆ ಯಾವ ಹಾಡು ಕೇಳಿದರೂ ನಾನು ಕೂತಲ್ಲಿಂದಲೇ ಕಳಿಸಬೇಕು ಅನ್ನುವ ಹಟ ನನಗೆ ಹತ್ತಿತ್ತು.

ಎರಡು ದಿನ ಸ್ಪೀಕರಿಗೆ ಕಂಪ್ಯೂಟರೇ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ಸ್ಪೀಕರನ್ನು ನಾನು ನನ್ನ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ್ದೆ, ಕಂಪ್ಯೂಟರ್ ಇದ್ದದ್ದು ಮನೆಯ ರೂಟರಿನಲ್ಲಿ. ಎರಡೂ ಬೇರೆ ಬೇರೆ ಓಣಿಯಲ್ಲಿ ನಿಂತು ಒಂದನ್ನೊಂದು ಹುಡುಕುತ್ತಿದ್ದವು. ಅದು ಸರಿಯಾದ ಮೇಲೆ, ಹಾಡು ಹದಿನೈದು ನಿಮಿಷಕ್ಕೆ ನಿಲ್ಲುತ್ತಿತ್ತು. ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ನಿದ್ದೆಗೆ ಹೋಗುತ್ತಿತ್ತು. ಆ ನಿದ್ದೆಯನ್ನೂ ತಪ್ಪಿಸಿದೆ.

ಅವತ್ತು ಮುಂಜಾನೆ ಹಾಡು ಹಚ್ಚಿ ಹಿಂದಿನ ಕೋಣೆಗೆ ಓಡಿದೆ. ದೊಡ್ಡತ್ತೆಯ ದನಿ ಕೋಣೆ ತುಂಬಿತ್ತು. ಅತ್ತೆ ನಿಧಾನ ಮುಖ ತಿರುಗಿಸಿದರು. ಅಕ್ಕ ಸಾಲು ಮುಗಿಸಿದ್ದೇ ತಡ, ಅತ್ತೆ ಅದನ್ನು ತಿರುಗಿ ಹೇಳಿದರು, ಕ್ಯಾಸೆಟ್ಟಿನೊಳಗಿನ ತಮ್ಮ ಹರೆಯದ ದನಿಯ ಜೊತೆಯಲ್ಲೇ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಒಂದು ತಂತಿ ಇಲ್ಲ, ದಾರ ಇಲ್ಲ. ತೀರಿಹೋದ ಅಕ್ಕನ ಉಸಿರು ಪಡಸಾಲೆ ದಾಟಿ ತಂಗಿಯ ಹತ್ತಿರ ಬಂದಿತ್ತು.

ಐದು ದಿನ ಚೆನ್ನಾಗಿ ನಡೆಯಿತು. ಆರನೇ ದಿನ ಹಾಡು ತುಂಡು ತುಂಡಾಗತೊಡಗಿತು. ಹಾಡು ನಡುವೆ ನಿಂತರೂ ಅತ್ತೆ ಹಾಡುತ್ತಲೇ ಹೋಗುವರು. ಅದು ಮತ್ತೆ ನಿಂತ ಕಡೆಯಿಂದಲೇ ಶುರುವಾದಾಗ, "ನಮ್ಮಕ್ಕ ಹಿಂದ ಉಳದ್ಲು ನೋಡು," ಅನ್ನುವರು. ನಾನು ರೂಟರ್ ಆರಿಸಿ ಹಚ್ಚಿದೆ, ಎತ್ತರಕ್ಕೆ ಇಟ್ಟೆ, ಪಾಸ್‌ವರ್ಡ್ ಬದಲಿಸಿದೆ. ಎರಡು ಮೂರು ದಿನ ಹೋದ ಮೇಲೆ ತಾನಾಗಿಯೇ ಸುಧಾರಿಸಿತು. ಮುಂದಿನ ವಾರ ಮತ್ತೆ ಕೆಟ್ಟಿತು. ತಲೆ ಓಡಲಿಲ್ಲ. ಚಾಚಾಗೆ ಫೋನು ಮಾಡಿದೆ.

ಮರುದಿನ ಅವರು ಬಸ್ಸಿಗೆ ಬಂದರು. ಅತ್ತೆಯನ್ನು ಮಾತಾಡಿಸಿ, ನನ್ನ ಫೋನು ಇಸಿದುಕೊಂಡು, ಸಿಗ್ನಲಿನ ಗೆರೆ ನೋಡುತ್ತ ಮುಂದಿನಿಂದ ಹಿಂದಕ್ಕೆ ನಡೆದರು. ಅತ್ತೆಯ ಕೋಣೆಯ ಬಾಗಿಲ ಹತ್ತಿರ ನಿಂತರು. ಅಲ್ಲಿ ಪಡಸಾಲೆಯಲ್ಲಿ ನೀರಿನ ಮೂರು ದೊಡ್ಡ ಡ್ರಮ್ಮುಗಳಿದ್ದವು. ಒಂದನ್ನು ಬೆರಳಿಂದ ಬಡಿದರು.

"ನಳ ಯಾವಾಗ ಬಂದಿತ್ತು ಬೇಟಿ?"

"ನಿನ್ನಿ ಮುಂಜಾನಿ ಬಂದಿತ್ರಿ. ಮೂರೂ ತುಂಬಿಸೀನಿ."

"ಹಾಡು ಛಲೋ ಬರ್ತಿದ್ದಾಗ?"

ನಾನು ನೆನೆದು ನೋಡಿದೆ. "ಡ್ರಮ್ಮು ತಳ ಕಂಡಿದ್ದುವ್ರಿ."

"ಹಂಗಾರ ಇದಾ ನೋಡು. ಈ ವೈಫೈ ಅಲಿಗೆ ನಿಮ್ಮ ಕಲ್ಲಿನ ಗ್ವಾಡಿ ದಾಟೂದು ಕಷ್ಟ. ಬಾಗಲದಾಗ ಹಾಯ್ದು ಬರ್ತೈತಿ. ಬಾಗಲಕ್ಕ ನೀನು ನೀರಿಟ್ಟಿ. ನೀರು ಇದನ್ನ ಕುಡದು ಬಿಡ್ತೈತಿ."

ವಾರಕ್ಕೊಮ್ಮೆ ನಳ ಬಂದ ದಿನವೇ ಹಾಡು ಕೆಡುತ್ತಿತ್ತು, ನೀರು ಖರ್ಚಾದಂತೆ ಸುಧಾರಿಸುತ್ತಿತ್ತು. ದಿನವೂ ಬಿಂದಿಗೆಯಲ್ಲಿ ಆ ನೀರನ್ನು ಮೊಗೆದವಳು ನಾನೇ, ನನಗೆ ಹೊಳೆದಿರಲಿಲ್ಲ. ನಾನೂ ನಮ್ಮ ಮನೆಯವರೂ ಸೇರಿ ನೀರು ತೋಡಿ ತೋಡಿ ಡ್ರಮ್ಮುಗಳನ್ನು ಬಚ್ಚಲ ಕಡೆಗೆ ಸಾಗಿಸಿದೆವು. ಚಾಚಾ ಹಾಡು ಹಚ್ಚಿದರು. ಒಂದು ಸಾಲೂ ತುಂಡಾಗಲಿಲ್ಲ. ನಾನು ಬಾಗಿಲಲ್ಲಿ ಅಂಗೈ ಚಾಚಿ ನಿಂತೆ. ಏನೂ ತಾಗಲಿಲ್ಲ, ಗಾಳಿಯೂ ಅಲುಗಲಿಲ್ಲ. ಆದರೂ ಅದೇ ಜಾಗದಲ್ಲಿ ದೊಡ್ಡತ್ತೆ ಹಾದು ಹೋಗುತ್ತಿದ್ದರು.

ಕ್ಯಾಸೆಟ್ಟಿನ ಮೊದಲ ಮಗ್ಗಲಿನ ಕೊನೆಗೆ ಒಬ್ಬ ಗಂಡಸಿನ ಎಳೆಯ ದನಿ ಕೇಳಿತು: "ತಡೀರಿ ಅಕ್ಕಾರ, ಮಗ್ಗಲು ಬದಲಿ ಮಾಡ್ತೀನಿ."

ಚಾಚಾ ಕನ್ನಡಕ ತೆಗೆದರು. "ನಂದಾ ದನಿ," ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

"ನಿಂದಾ. ಆವಾಗ ಎಷ್ಟು ಒದರ್ತಿದ್ದಿ," ಅಂದರು ಅತ್ತೆ. ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗ.

ನಾಲ್ಕನೇ ತಿಂಗಳು ಅತ್ತೆ ವಾಕರ್ ಹಿಡಿದು, ಹೆಜ್ಜೆಗೊಮ್ಮೆ ನಿಂತು, ತಾವಾಗಿ ಮುಂದಿನ ಕೋಣೆಗೆ ಬಂದರು. ಜೆರಾಕ್ಸಿಗೆ ಬಂದಿದ್ದ ಒಬ್ಬರು ಎದ್ದು ಕುರ್ಚಿ ಕೊಟ್ಟರು.

"ಅಕ್ಕನ್ನ ಎಲ್ಲಿಟ್ಟಿ, ತೋರ್ಸು."

ಪರದೆಯ ಮೇಲಿನ ಹೆಸರುಗಳನ್ನು ತೋರಿಸಿದೆ. ಅವರಿಗೆ ಓದು ಬರದು. ಮೇಜಿನ ಪಕ್ಕದ ಕಂಪ್ಯೂಟರ್ ಡಬ್ಬಿಯನ್ನು ತೋರಿಸಿ, "ಇದರಾಗ ಅದಾರ್ರಿ," ಅಂದೆ. ಅತ್ತೆ ಬಾಗಿ ಅದರ ಮೈಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಬೆಚ್ಚಗ ಐತಿ," ಅಂದರು.

ಜೆರಾಕ್ಸಿನವರು ಕಾಗದ ಕೈಯಲ್ಲಿ ಹಿಡಿದು ನಿಂತಿದ್ದರು. ನಾನೂ ಅವರ ಕೆಲಸಕ್ಕೆ ಅವಸರ ಮಾಡಲಿಲ್ಲ.