ಹನ್ನೆರಡು ಮೀಟರ್ ಮಖಮಲ್ಲು

ನನ್ನ ಅತ್ತಿಗೆ ಪರದೆ ಹೊಲಿಯುವವರು. ಮೂವತ್ತು ವರ್ಷಗಳಿಂದ ಅವರ ರಾಜದಂಡ ಒಂದು ಹಿತ್ತಾಳೆಯ ಗಜಕೋಲು. ಗಣಿತದ ಮೇಷ್ಟ್ರಾದ ನನ್ನ ಅಣ್ಣನೂ ಆ ಕೋಲಿಗೆ ಸ್ವಲ್ಪ ಹೆದರುತ್ತಾನೆ.

ಕಳೆದ ತಿಂಗಳು ಅಣ್ಣನ ಶಾಲೆಯ ರಂಗಮಂದಿರದಲ್ಲಿ ವೇದಿಕೆಯ ನೆತ್ತಿಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಮಖಮಲ್ಲಿನ ಪಟ್ಟಿ ಬೇಕಾಯಿತು. ಉದ್ದ ಹನ್ನೆರಡು ಮೀಟರ್, ನಡುವೆ ಎಲ್ಲೂ ಜೋಡಣೆ ಕಾಣಬಾರದು. ಹೆಡ್‌ಮಾಸ್ಟರ್ ಕೇಳಿದ ಕಡುಗೆಂಪು ಬಣ್ಣದಲ್ಲಿ ಪೇಟೆಯೆಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದೇ ಸುರುಳಿ. ಕತ್ತರಿ ತಪ್ಪಿದರೆ ಮುಗಿಯಿತು.

ಅಣ್ಣ ಫೋನಿನಲ್ಲಿ ಅಳತೆ ಬದಲಿಸುವ ಪುಟ ತೆರೆದು, ಕೋಟೆ ಗೆದ್ದವನ ಗತ್ತಿನಲ್ಲಿ ಘೋಷಿಸಿದ: “ಹತ್ತು ಪಾಯಿಂಟ್ ಒಂಬತ್ತು ಏಳು ಗಜ. ಹೂಂ, ಕತ್ತರಿಸು.”

ಬಾಯಿ ತೆರೆದ ಕತ್ತರಿ ಹಾಗೇ ನಿಂತಿತು.

“ರೀ, ಮೀಟರ್ ದೊಡ್ಡದೋ, ಗಜ ದೊಡ್ಡದೋ?” ಎಂದರು ಅತ್ತಿಗೆ.

“ಮೀಟರ್. ಅಷ್ಟೂ ಗೊತ್ತಿಲ್ವಾ?”

“ದೊಡ್ಡ ಲೋಟದಲ್ಲಿ ಅಳೆದ್ರೆ ಹನ್ನೆರಡು ಲೋಟ ನೀರಿದೆ. ಅದನ್ನೇ ಸಣ್ಣ ಲೋಟದಲ್ಲಿ ಅಳೆದ್ರೆ ಲೆಕ್ಕ ಕಮ್ಮಿ ಆಗುತ್ತಾ, ಮೇಷ್ಟ್ರೇ?”

ಅಣ್ಣ ಕನ್ನಡಕ ಏರಿಸಿಕೊಂಡು ಫೋನು ನೋಡಿದ. ಮಹಾಶಯ ಗಜವನ್ನು ಮೀಟರಿಗೆ ಬದಲಿಸಿದ್ದ. ತಿರುವಿ ಹಾಕಿದಾಗ ಉತ್ತರ ಹದಿಮೂರು ದಾಟಿತು. ಅತ್ತಿಗೆ ಅದಕ್ಕೆ ಅಂಚು ಮಡಚಲು ಬೇಕಾದಷ್ಟು ಸೇರಿಸಿ, ಒಂದೇ ಉಸಿರಿನಲ್ಲಿ ಕತ್ತರಿಸಿದರು.

ಪಟ್ಟಿ ಏರಿಸಿದ ದಿನ ಹೆಡ್‌ಮಾಸ್ಟರ್ ಕತ್ತೆತ್ತಿ ಆ ತುದಿಯಿಂದ ಈ ತುದಿಗೆ ನಡೆದರು. ಗೋಡೆಯ ಬಳಿ ಬೆರಳಷ್ಟೂ ಸಂದಿ ಸಿಗಲಿಲ್ಲ.

“ಲೆಕ್ಕ ಪಕ್ಕಾ ಇದೆ. ಯಾರದು ಮೇಷ್ಟ್ರೇ?”

“ನಮ್ಮ ಮನೆಯವಳದು ಸಾರ್,” ಎಂದ ಅಣ್ಣ. ಹಿಂದೆ ನಿಂತಿದ್ದ ಉಳಿದ ಮೇಷ್ಟ್ರುಗಳಿಗೂ ಕೇಳಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.