ಅರ್ಜಿ ಹಾಕದೆ ಗೆದ್ದವಳು

ಟಾಲ್ಮನ್ ಕೌಂಟಿಯ ಕೋರ್ಟು ಕಟ್ಟಡದಲ್ಲಿ ಕಚೇರಿಗಳು ಐದು, ಕೂರುವವಳು ಮಾತ್ರ ಲಿಯೋನಾ ಹ್ರುಸ್ಕಾ ಒಬ್ಬಳೇ. ಜಮೀನಿನ ಪತ್ರ, ಮದುವೆಯ ಪರವಾನಗಿ, ಕಂದಾಯ, ಕೋರ್ಟಿನ ಕಡತ, ಚುನಾವಣೆ ಎಲ್ಲವೂ ಅವಳ ತಲೆಗೇ. ಒಂದು ಕಚೇರಿಯ ಲಿಯೋನಾ ಇನ್ನೊಂದು ಕಚೇರಿಯ ಲಿಯೋನಾಳಿಗೆ ಪತ್ರ ಬರೆದು, ತಲುಪಿದೆಯೆಂದು ತಾನೇ ಮೊಹರು ಒತ್ತಬೇಕು. ನಗಬೇಡಿ, ಕಾನೂನು ಹಾಗಿದೆ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಈ ಮೂಲೆಯಲ್ಲಿ ಉತ್ತರಕ್ಕೆ ಹೊಳೆ, ಉಳಿದ ಮೂರು ದಿಕ್ಕಿಗೂ ಹುಲ್ಲು ಹೊದ್ದ ಮರಳುಗುಡ್ಡ, ನಡುವೆ ಒಂದೇ ಟಾರು ರಸ್ತೆ. ದನಗಳು ಅರುವತ್ತು ಸಾವಿರ, ಮನುಷ್ಯರು ಐನೂರು ಚಿಲ್ಲರೆ. ಮೂವತ್ತೆರಡು ವರ್ಷದಲ್ಲಿ ಲಿಯೋನಾಳ ಎದುರು ಒಬ್ಬರೂ ಚುನಾವಣೆಗೆ ನಿಂತಿಲ್ಲ. ಮೊದಮೊದಲು ಅದನ್ನು ಪ್ರೀತಿ ಅಂದುಕೊಂಡಿದ್ದಳು. ಆ ಕೆಲಸ ಯಾರಿಗೂ ಬೇಕಿರಲಿಲ್ಲ, ಅಷ್ಟೇ. ನಾಲ್ಕು ವರ್ಷದ ಅವಧಿ ಮುಗಿಯುವ ತನಕ ಹುದ್ದೆಯಲ್ಲಿರುವವರು ಕೌಂಟಿ ಬಿಟ್ಟು ಬೇರೆಡೆ ವಾಸಿಸುವಂತೆಯೂ ಇಲ್ಲ.

ಈ ಸಲ ಅವಳು ನಾಮಪತ್ರ ಹಾಕಲಿಲ್ಲ. ಅರುವತ್ತೆರಡಾಗಿತ್ತು. ಆರೆಗನ್ನಿನ ಕಡಲ ದಂಡೆಯಲ್ಲಿ ತಂಗಿಯ ಪಕ್ಕದ ಮನೆ ಖಾಲಿಯಿತ್ತು. "ಹೋಗೋಣ ಕಣೇ, ನಾನೂ ಮೀನು ಹಿಡಿಯೋದು ಕಲೀತೀನಿ" ಎಂದು ಗಂಡ ಎಮಿಲ್ ಹೇಳಿದ್ದ.

ಮತಪತ್ರದಲ್ಲಿ ಅವಳ ಹುದ್ದೆಯ ಕೆಳಗೆ ಖಾಲಿ ಗೆರೆಯೊಂದೇ ಇತ್ತು. ಬೇಕಾದವರ ಹೆಸರನ್ನು ಆ ಗೆರೆಯ ಮೇಲೆ ಬರೆಯಬಹುದು. ಇಷ್ಟು ವರ್ಷ ಜನರಿಗೆ ಇದನ್ನು ಹೇಳಿಕೊಟ್ಟವಳೂ ಅವಳೇ!

ಎಣಿಕೆಯ ಬೆಳಗ್ಗೆ ಲಿಯೋನಾ ಹೆಸರು ಓದುತ್ತಿದ್ದಳು, ಎಣಿಕೆಗೆ ನೆರವಾಗಲು ಬಂದ ಮಾರ್ವಾ ಲೆಕ್ಕದ ಗೀಟು ಹಾಕುತ್ತಿದ್ದಳು, ಕೌಂಟಿ ಮಂಡಳಿಯ ಅಧ್ಯಕ್ಷ ಡ್ವೇನ್ ನೋಡುತ್ತ ಕೂತಿದ್ದ.

"ಲಿಯೋನಾ ಹ್ರುಸ್ಕಾ. ಲಿಯೋನಾ ಹ್ರುಸ್ಕಾ. ಲಿಯೋನಾ..."

"ನೀರು ಕುಡಿಯಮ್ಮಾ, ಇನ್ನೂ ಇನ್ನೂರು ಇದೆ," ಎಂದು ಡ್ವೇನ್ ನಕ್ಕ.

"ನನಗೆ ಬೇಡ ಅಂತ ಬರೆದೇ ತಂದಿದೀನಿ, ಡ್ವೇನ್."

"ನೀನು ಬೇಡ ಅಂದ್ರೆ ಇಲ್ಲಿಗೆ ಬೀಗ. ಮದುವೆ ಆಗೋರೆಲ್ಲ ಎಪ್ಪತ್ತು ಮೈಲಿ ಹೋಗ್ಬೇಕು."

"ಹೋಗ್ಲಿ. ದಾರೀಲಿ ನಾಲ್ಕು ಜನಕ್ಕಾದ್ರೂ ಬುದ್ಧಿ ಬರತ್ತೆ."

ಆ ಕಾಗದವನ್ನು ನಿಜವಾಗಿಯೂ ಕೊಟ್ಟೇ ಬಿಡುತ್ತಿದ್ದಳು. ಅಷ್ಟರಲ್ಲಿ ಮುಂದಿನ ಮತಪತ್ರ ಕೈಗೆ ಬಂತು. ಕಾಗದ ಹರಿಯುವಷ್ಟು ಒತ್ತಿ ಬರೆದ ಅಕ್ಷರ. ಮೂವತ್ತೆಂಟು ವರ್ಷದಿಂದ ಸಾಮಾನಿನ ಪಟ್ಟಿಯಲ್ಲಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ದಿನಾ ಕಂಡ ಅಕ್ಷರ. ಎಮಿಲ್‌ನದು.

"ಯಾರ ಹೆಸರೇ?" ಎಂದಳು ಮಾರ್ವಾ.

"ನನ್ನದೇ."

ಮಾರ್ವಾ ಗೀಟು ಹಾಕಿದಳು.

ಊರಿನವರ ಮೇಲೆ ಸಿಟ್ಟು ಮಾಡಿಕೊಂಡು ಹೊರಡುವುದು ಸುಲಭವಿತ್ತು. ಗಂಡನೇ ಒಳಗಿನಿಂದ ಚಿಲಕ ಹಾಕಿದರೆ? ಅವನಿಲ್ಲದ ಕಡಲು ಅವಳಿಗೆ ಬೇಡ, ಅವನಿಗೆ ಕಡಲೇ ಬೇಡ. ಬಾಯಿಬಿಟ್ಟು ಹೇಳುವ ಬದಲು ಮತಗಟ್ಟೆಯ ಪರದೆಯ ಹಿಂದೆ ನಿಂತು ಬರೆದಿದ್ದ, ಹೇಡಿ. ತಂದಿದ್ದ ಕಾಗದವನ್ನು ಲಿಯೋನಾ ಕೈಚೀಲದಿಂದ ತೆಗೆಯಲೇ ಇಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಎಮಿಲ್ ಹಂದಿಮಾಂಸ, ಹುಳಿ ಎಲೆಕೋಸು ಬಿಸಿ ಮಾಡಿಟ್ಟಿದ್ದ.

"ಏನಾಯ್ತೇ?"

"ಗೆದ್ದೆ. ಒಪ್ಕೊಂಡೂ ಬಂದೆ."

"ಥೂ, ಈ ಜನಾನೇ ಹೀಗೆ! ಯಾರ್ಯಾರು ಬರೆದಿದ್ರೋ?"

"ಅದನ್ನ ಹೇಳಲ್ಲ ಅಂತ ಪ್ರಮಾಣ ಮಾಡಿದೀನಿ."

"ಗಂಡನ ಹತ್ರಾನೂ ಹೇಳ್ಬಾರ್ದಾ?"

"ಗಂಡನ ಹತ್ರಂತೂ ಹೇಳೋ ಹಾಗೇ ಇಲ್ಲ."

ಎಮಿಲ್ ಒಂದು ಗಳಿಗೆ ಅವಳ ಮುಖ ನೋಡಿದ. "ನಾಲ್ಕೇ ವರ್ಷ ಕಣೇ," ಎಂದು ಮಾಂಸದ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದ. ಅವಳು ತಿಂದಳು.