ಮಗ್ಗದ ಕುಣಿಯಿಂದ ಅಲೆಯ ಹಲಗೆಗೆ

ಜೋಮು ಮೊದಲು ಬಂದದ್ದು ಎಡಗಾಲಿನ ಹೆಬ್ಬೆರಳಿಗೆ. ಶಿವರಾತ್ರಿ ಮುಗಿದ ವಾರ. ಬೆಳಗ್ಗೆ ಮಗ್ಗಕ್ಕೆ ಕೂತು ಹತ್ತಿಪ್ಪತ್ತು ಸಲ ಲಾಳಿ ಓಡಿಸಿದ್ದೆನೋ ಏನೋ, ಬೆರಳು ನನ್ನದಲ್ಲ ಅನ್ನಿಸಿತು. ತುಳಿದೆ. ಕಾಲಡಿಯ ಹಲಗೆ ಕೆಳಗೆ ಹೋಯಿತು. ಹೋದದ್ದು ಕಾಲಿಗೆ ತಿಳಿಯಲಿಲ್ಲ.

ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಕಾಲು ಜೋಮು ಹಿಡಿಯುವುದು ಸುದ್ದಿಯೇ ಅಲ್ಲ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ ನೇಯಬೇಕು. ದಿನವಿಡೀ ಹಾಗೆ ಕೂತವರಿಗೆ ಜೋಮು ಹಿಡಿಯದಿದ್ದರೇ ಆಶ್ಚರ್ಯ. ಅದಕ್ಕೆ ಕುಣಿ ಜೋಮು ಅಂತ ಹೆಸರೂ ಇದೆ. ಕಾಲು ಝಾಡಿಸಿ, ಒಂದು ಲೋಟ ಚಹಾ ಕುಡಿದು, ಮತ್ತೆ ಕೂರುವುದು.

ಅತ್ತಮ್ಮ, ಅಂದರೆ ನನ್ನ ಗಂಡನ ತಾಯಿ, ಐವತ್ತು ವರ್ಷ ಇದೇ ಕುಣಿಯಲ್ಲಿ ಕಾಲು ಇಳಿಬಿಟ್ಟವರು. ಅವರಿಗೆ ಹೇಳಿದೆ.

"ಏಂ ಕಾದುಲೇ," ಅಂದರು.

ನಮ್ಮ ಮನೆಯ ತೆಲುಗಿನಲ್ಲಿ ಅದಕ್ಕೆ ಏನೂ ಆಗಲ್ಲ ಬಿಡು ಅಂತ ಅರ್ಥ. ಜ್ವರ, ಹಲ್ಲುನೋವು, ಹಾವು ಕಂಡದ್ದು, ಎಲ್ಲಕ್ಕೂ ಅವರ ಮೊದಲ ಔಷಧಿ ಅದೇ. ಆಮೇಲೆ ಕನ್ನಡದಲ್ಲಿ ಸೇರಿಸಿದರು: "ಮಗ್ಗದಿಂದ ಸೀರೆ ಇಳಿಸಿಬಿಡು ಪದ್ಮಾ. ಆಮ್ಯಾಲೆ ಡಾಕ್ಟ್ರು ಹತ್ರ ಹೋಗಾಣ. ಕುಣಿ ಜೋಮಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ?"

ನನಗೂ ಅದೇ ಬೇಕಿತ್ತು. ಸೀರೆ ಮುಕ್ಕಾಲು ಮುಗಿದಿತ್ತು. ನಮ್ಮಲ್ಲಿ ಸೀರೆಯ ನಡುವೆ ಕೈ ಬದಲಾಗುವಂತಿಲ್ಲ. ಎಳೆ ಕೂರಿಸಲು ಬಡಿಯುವ ಬಡಿತ ಒಬ್ಬೊಬ್ಬರದು ಒಂದೊಂದು ಥರ. ಬೇರೆಯವರು ಕೂತರೆ ಅಲ್ಲಿಂದಲೇ ಬಟ್ಟೆಯ ಮೈ ಬೇರೆ ಕಾಣುತ್ತದೆ. ಹಿಡಿದವರೇ ಮುಗಿಸಬೇಕು. ಅದರ ಮೇಲೆ ನನಗೆ ಅವಸರ ಬೇರೆ. ಇನ್ನು ಇಪ್ಪತ್ತೆರಡು ದಿನಕ್ಕೆ ನಾನು ಸಮುದ್ರಕ್ಕೆ ಹೊರಟಿದ್ದೆ.

ನಗುವವರು ಈಗಲೇ ನಕ್ಕುಬಿಡಿ. ನಾನು ಸರ್ಫಿಂಗ್ ಕಲಿಯಲು ಹೊರಟಿದ್ದೆ. ಅಂಡಮಾನಿನ ಕಡೆ ಒಂದು ಪುಟ್ಟ ದ್ವೀಪ, ಅದರಲ್ಲಿ ಒಂದೇ ಬೀದಿಯ ಊರು, ತೆಂಗಿನ ಮರಗಳ ಹಿಂದೆಯೇ ಕಡಲು. ಶಹೀನಾಳ ಮೊಬೈಲಿನಲ್ಲಿ ಮೊದಲು ನೋಡಿದ್ದು. ಶಹೀನಾ ನನ್ನ ಕಾಲೇಜಿನ ಗೆಳತಿ, ಚಳ್ಳಕೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ವಿಡಿಯೋದಲ್ಲಿ ನಮ್ಮಷ್ಟೇ ವಯಸ್ಸಿನ, ನಮಗಿಂತ ದಪ್ಪಗಿದ್ದ ಹೆಂಗಸೊಬ್ಬಳು ಅಲೆಯ ಮೇಲೆ ಹಲಗೆ ಹಾಕಿಕೊಂಡು ಎದ್ದು ನಿಂತಳು. ಅಷ್ಟೇ. ನಾನು ಅದನ್ನು ಹದಿನೈದು ಸಲವಾದರೂ ನೋಡಿದೆ. ಹದಿನೆಂಟು ವರ್ಷ ನೆಲದೊಳಗೆ ಕಾಲು ಇಳಿಬಿಟ್ಟು ಕೂತವಳಿಗೆ ನೀರಿನ ಮೇಲೆ ನಿಲ್ಲುವ ಆಸೆ ಹುಟ್ಟಿತು. ಒಮ್ಮೆ ನಿಂತರೆ ಸಾಕು.

ಇಬ್ಬರೂ ಹೋಗುವುದೆಂದಾಯಿತು. ತಯಾರಿ ಒಂದು ವರ್ಷ ನಡೆಯಿತು. ಈಜು ಕಲಿತದ್ದು ಬಿ.ಜಿ. ಕೆರೆಯ ಹತ್ತಿರ ಪರಿಚಯದವರ ತೋಟದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು. ಕ್ಯಾನು ಚಳ್ಳಕೆರೆಯಿಂದ ಶಹೀನಾ ತಂದದ್ದು. ಮೂರು ವಾರ ನಮ್ಮ ಮೈಯೆಲ್ಲ ಕಡಲೆಕಾಯಿ ಎಣ್ಣೆಯ ವಾಸನೆ. ದ್ವೀಪದಲ್ಲಿ ಸರ್ಫಿಂಗ್ ಕಲಿಸುವ ಮೇಡಂ ಫೋನಿನಲ್ಲಿ ಹಿಂದಿಯಲ್ಲಿ ಹೇಳಿದ್ದರು: ನೆಲದ ಮೇಲೆ ಹಲಗೆಯಷ್ಟು ಉದ್ದದ ಗೆರೆ ಬರೆದುಕೊಳ್ಳಿ, ಅದರ ಮೇಲೆ ಬೋರಲು ಮಲಗಿ, ಅಂಗೈ ಊರಿ, ಒಂದೇ ಸಲಕ್ಕೆ ಎದ್ದು ನಿಲ್ಲಿ. ನಾನು ರಂಗೋಲಿ ಪುಡಿಯಲ್ಲಿ ಅಂಗಳದಲ್ಲಿ ಬರೆದುಕೊಂಡೆ. ಮಾರನೇ ದಿನ ನೋಡಿದರೆ ಅತ್ತಮ್ಮ ಅದಕ್ಕೆ ಎರಡು ಕಣ್ಣು ಇಟ್ಟು, ಬಾಲ ಎಳೆದು ಮೀನು ಮಾಡಿದ್ದರು.

"ಬರೀ ಗೆರೆ ಬಿಡಬಾರದು ಅಂಗಳದಾಗೆ," ಅಂದರು.

ಜೋಮು ಬಂದ ನಾಲ್ಕು ದಿನ ನಾನು ನೇಯ್ದೆ. ಎರಡನೇ ದಿನ ಎರಡೂ ಪಾದ. ಮೂರನೇ ದಿನ ಮೀನಗಂಡ. ನಾಲ್ಕನೇ ದಿನ ಯಾವ ಹಲಗೆ ತುಳಿಯುತ್ತಿದ್ದೇನೆ ಅಂತ ಬಗ್ಗಿ ನೋಡಿ ತುಳಿದೆ. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳಲು ಅಂಗೈ ಊರಿ ಮೈ ಎತ್ತಿದೆ. ಸೊಂಟ ಮೇಲೆ ಬಂತು.

ಕಾಲು ಕುಣಿಯಲ್ಲೇ ಉಳಿಯಿತು.

ನನ್ನ ಗಂಡ ಶ್ರೀನಿವಾಸ ಪಕ್ಕದ ಮಗ್ಗದಿಂದ ಎದ್ದು ಬಂದು ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡರು. ಕಾರು ಮಾಡಿಕೊಂಡು ಚಳ್ಳಕೆರೆಗೆ. ದಾರಿಯಲ್ಲಿ ಬಿ.ಜಿ. ಕೆರೆಯ ತೋಟಕ್ಕೆ ತಿರುಗುವ ಜಾಗ ಬಂತು. ನಾನು ಆ ಕಡೆ ನೋಡಲಿಲ್ಲ.

ಡಾಕ್ಟರು ಮಂಚದ ಅಂಚಿನಲ್ಲಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಇನ್ನೊಂದು ಮಂಡಿಗೂ ತಟ್ಟಿದರು.

ಯಾವುದೂ ಅಲುಗಲಿಲ್ಲ.

"ಇತ್ತೀಚೆಗೆ ಭೇದಿ ಏನಾದ್ರೂ ಆಗಿತ್ತೇನಮ್ಮ?" ಎಂದು ಕೇಳಿದರು. ಎರಡು ವಾರದ ಹಿಂದೆ ಆಗಿತ್ತು, ಅದೂ ಮರೆತೇಹೋಗಿತ್ತು. ಅವರು ಒಂದು ಚೀಟಿ ಬರೆದು, ತಡ ಮಾಡದೆ ದಾವಣಗೆರೆಗೆ ಹೋಗಿ ಅಂದರು. ಚೀಟಿಯಲ್ಲಿದ್ದ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ಮೈಯ ಕಾವಲಿಗೆ ಇರುವ ಶಕ್ತಿಯೇ ದಾರಿ ತಪ್ಪಿ ತನ್ನ ನರಗಳನ್ನು ಕಚ್ಚುವ ರೋಗ. ಕಾಲಿನಿಂದ ಶುರುವಾಗಿ ಮೇಲೇರುತ್ತದೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ, ನಿಧಾನಕ್ಕೆ. ಎಷ್ಟು ನಿಧಾನಕ್ಕೆ, ಎಲ್ಲಿಯವರೆಗೆ, ಅದನ್ನು ಯಾರೂ ಹೇಳಲಿಲ್ಲ.

ಐಸಿಯುನಲ್ಲಿ ಡಾಕ್ಟರು ದಿನಕ್ಕೆ ಮೂರ್ನಾಲ್ಕು ಸಲ ಬಂದು ಒಂದೇ ಮಾತು ಹೇಳುತ್ತಿದ್ದರು: "ದೀರ್ಘವಾಗಿ ಉಸಿರು ತಗೊಳ್ಳಿ. ಒಂದೇ ಉಸಿರಲ್ಲಿ ಎಣಿಸ್ತಾ ಹೋಗಿ." ರೋಗ ಎದೆಯವರೆಗೆ ಏರಿದೆಯೇ ಎಂದು ತಿಳಿಯುವ ಉಪಾಯ ಅದು. ನಾನು ಎಳೆ ಎಣಿಸುವ ಹಾಗೆ ತೆಲುಗಿನಲ್ಲಿ ಎಣಿಸಿದೆ. ಹುಟ್ಟಿದಾಗಿನಿಂದ ಎಳೆ ಎಣಿಸಿದವಳು, ಇದರಲ್ಲಾದರೂ ಪಾಸಾಗುತ್ತೇನೆ ಅಂದುಕೊಂಡೆ. ಮೊದಲ ದಿನ ಇಪ್ಪತ್ತೆಂಟು. ಮಾರನೇ ದಿನ ಹತ್ತೊಂಬತ್ತು. ಮೂರನೇ ದಿನ ಹನ್ನೊಂದಕ್ಕೆ ಉಸಿರು ಮುಗಿಯಿತು.

"ಇನ್ನೂ ಇಳಿದ್ರೆ ವೆಂಟಿಲೇಟರ್ ಹಾಕ್ಬೇಕಾಗುತ್ತೆ," ಎಂದು ಶ್ರೀನಿವಾಸರಿಗೆ ಹೇಳಿದ್ದು ನನಗೂ ಕೇಳಿಸಿತು. ಆಗ ನನಗೆ ಬಂದ ಭಯ ಸಾವಿನದಲ್ಲ. ಬದುಕಿ, ಕಾಲಿಲ್ಲದವಳಾಗಿ, ಮಗ್ಗದ ಪಕ್ಕ ಹಾಸಿಗೆಯಲ್ಲಿ ಮಲಗಿ ಬೇರೆಯವರ ಬಡಿತ ಕೇಳಿಸಿಕೊಳ್ಳುವ ಭಯ.

ಐದು ದಿನ ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಔಷಧಿ ಹನಿಹನಿಯಾಗಿ ಇಳಿಯಿತು. ಎಣಿಕೆ ಹನ್ನೊಂದರಲ್ಲೇ ನಿಂತಿತು. ಆಮೇಲೆ ಹದಿನಾಲ್ಕು. ಆಮೇಲೆ ಇಪ್ಪತ್ತು.

ವಾರ್ಡಿಗೆ ಹಾಕಿದ ದಿನ ಶಹೀನಾ ಬಂದಳು. ನಾನು ಮೊದಲು ಹೇಳಿದ್ದೇ ಟಿಕೆಟ್ ಕ್ಯಾನ್ಸಲ್ ಮಾಡು ಅಂತ.

"ಚುಪ್ ಇರು," ಅಂದಳು. "ಅದು ನನ್ ತಲೆನೋವು. ನೀನು ನಿನ್ ಕಾಲು ನೋಡ್ಕ."

ಅತ್ತಮ್ಮ ಮಾತ್ರ ಬಂದಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಶ್ರೀನಿವಾಸ ಹೇಳಿದರು: "ಅಮ್ಮ ಸೀರೆ ಕತ್ತರಿಸಿಬಿಟ್ಲು."

ನನಗೆ ಅರ್ಥವಾಗಲಿಲ್ಲ.

"ನಿನ್ನ ಸೀರೆ. ಮಗ್ಗದ ಮೇಲಿಂದ. ನಾನು ಬ್ಯಾಡ ಅಂದೆ, ಕೇಳ್ಲಿಲ್ಲ. ಕತ್ತರಿ ತಗಂಡು ನೇಯದೆ ಉಳಿದಿದ್ದ ಹಾಸಿನ ಎಳೆನೂ ಸೇರ್ಸಿ ಕತ್ತರಿಸಿದ್ಲು."

ನಮ್ಮ ಮನೆಯಲ್ಲಿ ಸಾವಾದಾಗಲೂ ಸೀರೆಯನ್ನು ನಡುವೆ ಕತ್ತರಿಸಿದ್ದಿಲ್ಲ. ಮಾವ ತೀರಿಕೊಂಡಾಗ ಹದಿಮೂರು ದಿನ ಮಗ್ಗದ ಮೇಲೆ ಬಟ್ಟೆ ಹೊದಿಸಿದ್ದೆವು, ಆಮೇಲೆ ತಾವು ಹಿಡಿದಿದ್ದ ಆ ಸೀರೆಯನ್ನು ಅತ್ತಮ್ಮನೇ ಮುಗಿಸಿದ್ದರು. ಅಂಥವರು ಕತ್ತರಿ ಹಿಡಿದರು ಅಂದರೆ ಒಳಗೆ ಏನಾಗಿರಬೇಕು.

ಸುಳ್ಳು ಹೇಳುವುದಿಲ್ಲ, ನನಗೆ ಅವರ ಮೇಲೆ ಸಿಟ್ಟಿತ್ತು. ಐಸಿಯುನಲ್ಲಿ ಮಲಗಿ ಆ ಏಂ ಕಾದುಲೇ ಅನ್ನುವ ಮಾತನ್ನು ನೂರು ಸಲ ಬೈದಿದ್ದೆ. ಸೀರೆ ಹೋಯಿತು ಅಂತ ಕೇಳಿದ ಮೇಲೆ ಸಿಟ್ಟು ತಿರುಗಿ ನನ್ನ ಕಡೆಗೇ ಬಂತು. ನಾಲ್ಕು ದಿನ ಆ ಹಲಗೆ ತುಳಿದ ಕಾಲು ಯಾರದು? ಸೀರೆ ಇಳಿಸಿ ಸಮುದ್ರಕ್ಕೆ ಓಡುವ ಅವಸರ ಯಾರದು? ನೇಕಾರಳಲ್ಲದಿದ್ದರೆ ಮೊದಲ ದಿನವೇ ಹೆದರಿ ಓಡುತ್ತಿದ್ದೆ. ಜೋಮು ಅಷ್ಟು ಬಳಕೆಯಾಗಿದ್ದದ್ದೇ ನನಗೆ ಮುಳುವಾಯಿತು.

ಮೂರು ದಿನ ಬಿಟ್ಟು ಅತ್ತಮ್ಮ ಬಂದರು. ತಲೆಯ ಹತ್ತಿರ ಬರಲಿಲ್ಲ. ಕಾಲ ಹತ್ತಿರ ಕೂತು ಹೊದಿಕೆ ಸರಿಸಿ ಎಡಗಾಲಿನ ಹೆಬ್ಬೆರಳು ಹಿಡಿದುಕೊಂಡರು. ಹಿಡಿದದ್ದು ಕಣ್ಣಿಗೆ ಕಂಡಿತು, ಅಷ್ಟೇ.

"ಚಿವುಟ್ತಿದೀನಿ. ಗೊತ್ತಾಗ್ತೈತಾ?"

"ಇಲ್ಲ ಅತ್ತಮ್ಮ."

ನಾನು ಅವರ ಬಾಯಿಂದ ಏಂ ಕಾದುಲೇ ಬರುತ್ತದೆ ಅಂತ ಕಾದೆ. ಬರಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಆ ಮಾತು ಅವರ ಬಾಯಲ್ಲಿ ಬಂದಿಲ್ಲ.

ಒಂದೂವರೆ ತಿಂಗಳಿಗೆ ಮನೆಗೆ ಬಂದೆ, ವೀಲ್ ಚೇರಿನಲ್ಲಿ. ನನಗೆ ಸ್ನಾನ ಮಾಡಿಸುವುದು, ಕಮೋಡ್ ಕುರ್ಚಿಗೆ ಕೂರಿಸುವುದು, ಎಲ್ಲ ಅತ್ತಮ್ಮನೇ. ಮೂವತ್ತೊಂಬತ್ತರ ಸೊಸೆಗೆ ಎಪ್ಪತ್ತೆರಡರ ಅತ್ತೆ ಸೀರೆ ಉಡಿಸುವುದು ನೋಡಿ ಮಾತಾಡಿಸಲು ಬಂದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಮಗೆ ಅಳಲು ಪುರುಸೊತ್ತಿರಲಿಲ್ಲ. ಫಿಸಿಯೋಥೆರಪಿ ಮೇಡಂ ಕೊಟ್ಟ ವ್ಯಾಯಾಮದ ಹಾಳೆ ಗೋಡೆಗೆ ಅಂಟಿಸಿತ್ತು. ಓದು ಬಾರದ ಅತ್ತಮ್ಮ ಅದರ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡು ನನ್ನನ್ನು ಬೈದು ಮಾಡಿಸಿದರು. ವಾಕರಿಗೆ ಬರಲು ಮೂರು ತಿಂಗಳು. ಕೋಲಿಗೆ ಐದು.

ಜೋಮು ಮತ್ತೆ ಶುರುವಾದಾಗ ಮನೆಮಂದಿಯ ಜೀವ ಬಾಯಿಗೆ ಬಂತು. ತೊಡೆಯಲ್ಲಿ ಇರುವೆ ಹರಿದ ಹಾಗೆ. ಈ ಸಲ ಯಾರೂ ಕಾಯಲಿಲ್ಲ, ಅದೇ ದಿನ ಕಾರು ಮಾಡಿಕೊಂಡು ದಾವಣಗೆರೆಗೆ ಓಡಿದೆವು. ಡಾಕ್ಟರು ಪರೀಕ್ಷೆ ಮಾಡಿ ನಕ್ಕರು.

"ಈ ಜೋಮು ಒಳ್ಳೇದು ಕಣಮ್ಮ. ನರ ವಾಪಸ್ ಬೆಳೀತಿದೆ. ಮೇಲಿನಿಂದ ಕೆಳಕ್ಕೆ ಇಳಿಯುತ್ತೆ. ಹೆಬ್ಬೆರಳಿಗೆ ಕೊನೇಲಿ ಬರುತ್ತೆ."

ಬರದೇ ಇರಬಹುದೇ ಎಂದು ಕೇಳಿದೆ. ಕೆಲವರಿಗೆ ಅಷ್ಟು ಮಾತ್ರ ಉಳಿದುಬಿಡುತ್ತದೆ ಅಂದರು. ಹೆಬ್ಬೆರಳಿನ ಹಿಡಿತ ಇಲ್ಲದೆ ನಡೆಯಬಹುದು. ಮಗ್ಗ ತುಳಿಯುವುದು, ಅಲೆಯ ಮೇಲೆ ನಿಲ್ಲುವುದು ಆಮೇಲಿನ ಮಾತು.

ಶಹೀನಾ ಟಿಕೆಟ್ ಕ್ಯಾನ್ಸಲ್ ಮಾಡದೆ ಮುಂದಕ್ಕೆ ಹಾಕಿಸಿದ್ದಳು ಅನ್ನುವುದು ಕಳೆದ ತಿಂಗಳು ತಿಳಿಯಿತು. ಬರುವ ಶಿವರಾತ್ರಿ ಕಳೆದ ಮೇಲೆ. ನಾನು ರೇಗಿದೆ. ನಿಲ್ಲಲಾಗದವಳು ಅಲ್ಲಿಗೆ ಹೋಗಿ ಏನು ಮಾಡಲಿ ಅಂದೆ. ಅವಳು ನನ್ನ ಎದುರಿಗೇ ದ್ವೀಪದ ಮೇಡಂಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ನನ್ನ ಕಥೆಯೆಲ್ಲ ಹಿಂದಿಯಲ್ಲಿ ಹೇಳಿದಳು. ಆ ಕಡೆಯಿಂದ ಬಂದ ಉತ್ತರವನ್ನು ಕನ್ನಡ ಮಾಡಿದಳು:

"ಮೊದಲ ದಿನ ಯಾರೂ ನಿಲ್ಲಲ್ವಂತೆ. ಎಲ್ರೂ ಬೋರಲು ಮಲಗೇ ಬರ್ತಾರಂತೆ. ಅಲೆ ತಾನೇ ದಡಕ್ಕೆ ತಂದು ಬಿಡ್ತೈತಂತೆ. ಕೊನೇ ದಿನಾನೂ ಹಂಗೇ ಬಂದ್ರೆ ಯಾರೂ ಬೈಯಲ್ಲ ಅಂತಾಳೆ."

ಡಾಕ್ಟರನ್ನೂ ಕೇಳಿದ್ದೇನೆ. ಹೊರಡುವ ಮುಂಚೆ ಒಮ್ಮೆ ಬಂದು ತೋರಿಸಿ, ಆಮೇಲೆ ಹೇಳುತ್ತೇನೆ ಅಂದಿದ್ದಾರೆ. ಹೋದರೂ ಲೈಫ್ ಜಾಕೆಟ್ ಹಾಕಿ, ಮಂಡಿಮಟ್ಟದ ನೀರಿನಲ್ಲಿ ಮಾತ್ರ. ಅತ್ತಮ್ಮ ತಾವೂ ಬರುವುದಾಗಿ ಹೇಳಿ ಮೂರನೇ ಟಿಕೆಟ್ ಮಾಡಿಸಿದ್ದಾರೆ. "ನಾನು ನೀರಿಗಿಳಿಯಲ್ಲ. ದಡದಾಗೆ ಕೂತು ನಿನ್ ಕಾಲು ನೋಡ್ತೀನಿ," ಅನ್ನುತ್ತಾರೆ. ಕತ್ತರಿಸಿದ ಸೀರೆಯ ತುದಿ ಮಡಚಿ ಹೊಲಿದು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದರ ಬಗ್ಗೆ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಈಗ ದಿನಾ ಬೆಳಗ್ಗೆ ಅವರು ಅಂಗಳದಲ್ಲಿ ಮೀನು ಬರೆಯುತ್ತಾರೆ. ಸಂಜೆ ನಾನು ಅದರ ಮೇಲೆ ಬೋರಲು ಮಲಗಿ, ಅಂಗೈ ಊರಿ, ಎದೆ ಎತ್ತಿ ಹತ್ತು ಎಣಿಸುತ್ತೇನೆ. ಎದ್ದು ನಿಲ್ಲಲು ಇನ್ನೂ ಆಗುವುದಿಲ್ಲ. ಮಂಡಿಯವರೆಗೆ ಬರುತ್ತೇನೆ, ಬೀಳುತ್ತೇನೆ. ಸೀರೆಯೆಲ್ಲ ರಂಗೋಲಿ ಪುಡಿಯಾಗುತ್ತದೆ. ಅತ್ತಮ್ಮ ಹಿಂದೆ ಕೂತಿರುತ್ತಾರೆ. ಎಣಿಕೆ ಮುಗಿದ ಮೇಲೆ ಹೆಬ್ಬೆರಳು ಚಿವುಟಿ ಗೊತ್ತಾಗ್ತೈತಾ ಎಂದು ಕೇಳುತ್ತಾರೆ. ಏಳು ತಿಂಗಳು ದಿನಾ ಕೇಳಿದ್ದಾರೆ. ಏಳು ತಿಂಗಳು ದಿನಾ ಇಲ್ಲ ಅಂದಿದ್ದೇನೆ.

ನಿನ್ನೆ ಎದೆ ಎತ್ತಿ ಎಣಿಸುತ್ತಿದ್ದೆ. ಆರಕ್ಕೆ ಬಂದಿದ್ದೆ. ಮುಖ ಬೀದಿಯ ಕಡೆಗಿತ್ತು, ಹಿಂದೆ ಅವರು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತಿರಲಿಲ್ಲ. ಅವರು ಇನ್ನೂ ಏನೂ ಕೇಳಿರಲಿಲ್ಲ.

"ಅತ್ತಮ್ಮ, ಹೆಬ್ಬೆರಳು ಬಿಡ್ರಿ," ಅಂದೆ. "ನೋಯ್ತೈತೆ."

ಅವರು ಬಿಡಲಿಲ್ಲ.